ಬಿಚ್ಚಿಕೊಂಡು ಹೋಗಬೇಕಾದ ಮನೆ

ಕಥೆ ಕಟ್ಟುವುದು ನನಗೆ ಬರುವುದಿಲ್ಲ, ಬಸ್ಸು ಓಡಿಸುವುದೊಂದೇ ಬರುತ್ತದೆ. ಹಾಗಾಗಿ ಇದನ್ನು ಹುಟ್ಟಿಸಿಕೊಂಡು ಹೇಳುತ್ತಿದ್ದೇನೆ ಎಂದು ತಿಳಿಯಬೇಡಿ. ಇದು ನನಗೇ ಆದದ್ದು... ಇನ್ನೂ ಮುಗಿದಿಲ್ಲ.

ಆಗ ನಾನು ತೀರ್ಥಹಳ್ಳಿಯಿಂದ ಹೊಸನಗರದ ಆಚೆಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ವಾರದ ಹೆಚ್ಚಿನ ರಾತ್ರಿಗಳು ಕೊನೆಯ ಊರಿನಲ್ಲೇ ಹಾಲ್ಟ್, ಸೀಟೇ ಹಾಸಿಗೆ. ಹೆಂಡತಿ ಲಲಿತ ತೀರ್ಥಹಳ್ಳಿಯ ಒಂದು ಬಾಡಿಗೆ ಕೋಣೆಯಲ್ಲಿದ್ದಳು. ಒಲೆ ಹಚ್ಚಬೇಕೆಂದರೂ ಮನೆ ಯಜಮಾನಿಯ ಮುಖ ನೋಡಬೇಕು. ತನ್ನದೇ ಒಂದು ಅಡುಗೆಮನೆ ಬೇಕು, ಅವಳ ಆಸೆ ಅಷ್ಟೇ.

ಪ್ರಯಾಣಿಕರು ಬಿಟ್ಟುಹೋದ ಪೇಪರುಗಳನ್ನು ನಾನು ಮನೆಗೆ ಒಯ್ಯುತ್ತಿದ್ದೆ. ಅವಳು ಅದರಲ್ಲಿ ಓದುತ್ತಿದ್ದದ್ದು ಎರಡೇ. ಎಲ್ಲೋ ಎರಡು ತಲೆಯ ಕರು ಹುಟ್ಟಿದಂಥ ವಿಚಿತ್ರ ಸುದ್ದಿ, ಮತ್ತೆ ಮಾರಾಟಕ್ಕಿರುವ ಮನೆಗಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದು ನಾನು ಕಾಡಿಸುತ್ತಿದ್ದೆ.

ಒಂದು ದಿನ ಸಾಗರದ ವಾರಪತ್ರಿಕೆ ಹಿಡಿದು ನಕ್ಕಳು. "ಇಲ್ಲಿ ಕೇಳಿ. ಮುಳುಗಡೆ ಊರಿನ ಮನೆ ಮಾರಾಟಕ್ಕಿದೆ, ಕೊಂಡವರು ಬಿಚ್ಚಿಕೊಂಡು ಹೋಗತಕ್ಕದ್ದು. ಚಾಪೆ ಸುತ್ತಿದಂಗೆ ಮನೆ ಸುತ್ಕಂಡ್ ಬರ್ಬೋದಂತೆ ಮಾರಾಯ್ರೆ!"

ಆಮೇಲೆ ನಗು ನಿಲ್ಲಿಸಿದಳು. "ನಿಮ್ಮ ಹಾಲ್ಟ್ ಊರಿನ ಹತ್ರಾನೇ ಅಲ್ವಾ? ಒಂದ್ಸಲ ನೋಡ್ಕಂಡ್ ಬನ್ನಿ..."

ನಿಜ, ಅದು ನಮ್ಮ ಹಾಲ್ಟ್ ಊರಿನ ಕೆಳಗಿನ ಕಣಿವೆ. ಮುಂದಿನ ಮಳೆಗೆ ಅಣೆಕಟ್ಟಿನ ನೀರು ಅಲ್ಲಿಗೆ ಬರುವುದಿತ್ತು. ಜನ ಕಂಬ, ಬಾಗಿಲು, ತೊಲೆ ಎಲ್ಲ ಮಾರಿ ಊರು ಬಿಟ್ಟಿದ್ದರು.

ಮಾರನೆಯ ಸಂಜೆ ಬಸ್ಸು ನಿಲ್ಲಿಸಿ, ಕಂಡಕ್ಟರ್ ಶೇಷಪ್ಪನಿಗೆ ಹೇಳಿ ಇಳಿದು ಹೋದೆ. ಬೇಸಿಗೆಯ ಧೂಳು. ನಾಯಿ ಬೊಗಳುವ ಸದ್ದೂ ಇಲ್ಲ. ಆ ಮನೆಯ ಅರ್ಧ ಹೆಂಚು ಆಗಲೇ ಇಳಿಸಿದ್ದರು. ದಿನವಿಡೀ ಸ್ಟಿಯರಿಂಗ್ ತಿರುಗಿಸಿ ತೋಳು ಸೋತಿದ್ದವು. ಜಗಲಿಯ ಮೇಲೆ ಕುಳಿತವನಿಗೆ ಹಾಗೇ ಕಣ್ಣು ಎಳೆಯಿತು...

ಬೆಳ್ಳುಳ್ಳಿ ಒಗ್ಗರಣೆಯ ವಾಸನೆಗೆ ಎಚ್ಚರವಾಯಿತು. ಕತ್ತಲಾಗಿತ್ತು. ಒಳಗೆ ಪಾತ್ರೆಗೆ ಸೌಟು ತಾಗಿದ ಸದ್ದು.

"ಬಂದ್ರಾ? ಕಾಲ್ ತೊಳ್ಕಂಡ್ ಬನ್ನಿ, ಬಡಿಸ್ತೀನಿ."

"ಬಂದೆ," ಎಂದೆ. ಮನೆಗೆ ಹೋದಾಗೆಲ್ಲ ಹೇಳುವ ಮಾತು, ಅಭ್ಯಾಸಬಲದಿಂದ ಬಾಯಿಗೆ ಬಂತು. ಎದ್ದು ಚೊಂಬಿಗಾಗಿ ಕತ್ತಲಲ್ಲಿ ಕೈ ಚಾಚಿದೆ. ಚೊಂಬು ಇರಲಿಲ್ಲ.

ಆಗ ಹೊಳೆಯಿತು. ಅದು ಲಲಿತಳ ದನಿ. ಲಲಿತ ಇರುವುದು ತೀರ್ಥಹಳ್ಳಿಯಲ್ಲಿ!

ಓಡಬೇಕಿತ್ತು. ಆದರೆ ಅವಳು ನಿಜಕ್ಕೂ ಒಳಗಿದ್ದರೆ? ಬೆಂಕಿಕಡ್ಡಿ ಗೀರಿ ಒಳಗೆ ಹೋದೆ. ಅಡುಗೆಮನೆಗೆ ಸೂರೇ ಇರಲಿಲ್ಲ, ಮೇಲೆ ನಕ್ಷತ್ರ. ಒಲೆಯ ಬೂದಿ ತಣ್ಣಗಿತ್ತು. ನೆಲದ ಮೇಲೆ ಒಂದೇ ಒಂದು ಬಾಳೆಲೆ ಹಾಸಿತ್ತು... ಎಲೆಗೆ ಚಿಮುಕಿಸಿದ ನೀರು ಇನ್ನೂ ಆರಿರಲಿಲ್ಲ.

ಬಸ್ಸಿನವರೆಗೆ ಹೇಗೆ ಓಡಿದೆನೋ ತಿಳಿಯದು.

"ಎಂತ ಆಯ್ತು ಅಣ್ಣಾ?" ಎಂದ ಶೇಷಪ್ಪ. ಹೇಳಿದೆ. ಅವನು ದನಿ ತಗ್ಗಿಸಿದ. "ಕರೆದದ್ದಕ್ಕೆ ಓಗೊಟ್ರಾ?"

"ಹೂಂ."

ಅವನು ಬೀಡಿ ಆರಿಸಿದ. ಎದ್ದು ಬಸ್ಸಿನ ಬಾಗಿಲು ಎಳೆದು ಭದ್ರ ಮಾಡಿದ.

ಮನೆಗೆ ಹೋದಾಗ ಲಲಿತ ಆರಾಮಾಗಿದ್ದಳು. ನೋಡಿ ಜೀವ ಬಂದಂತಾಯಿತು. ನಾನು ಬಾಯಿ ತೆರೆಯುವ ಮೊದಲೇ ಅವಳು ಮುನಿಸಿಕೊಂಡಳು.

"ಎಂಥಾ ಕನಸು ಬಿತ್ತು ಗೊತ್ತಾ? ನನ್ನದೇ ಅಡುಗೆಮನೆ. ಎಲೆ ಹಾಕಿ ಕರೆದ್ರೆ ಬಂದೆ ಅಂದ್ರಿ. ಬಾಗ್ಲ ತನಕ ಬಂದು ಓಡಿಹೋದ್ರಲ್ಲ!"

ಮರವೆಲ್ಲ ಗೆದ್ದಲು ತಿಂದಿದೆ ಎಂದು ಸುಳ್ಳು ಹೇಳಿ ಆ ವ್ಯಾಪಾರ ಬಿಟ್ಟೆ. ಅವಳು ಆ ಪೇಪರನ್ನು ಮಡಚಿ ಒಲೆಗೆ ಹಾಕಿದಳು. ಮಳೆಗಾಲದಲ್ಲಿ ಕಣಿವೆಗೆ ನೀರು ಬಂತು.

ಆ ವರ್ಷವೇ ಒಂದು ಬೆಳಿಗ್ಗೆ ಅವಳು ಪಾದ ಒರೆಸಿಕೊಳ್ಳುತ್ತಿದ್ದಳು. "ಮತ್ತೆ ಅದೇ ಅಡುಗೆಮನೆ ಕಣ್ರೀ. ನೆಲದ ತುಂಬ ನೀರು."

ಮರುವರ್ಷ ಸೀರೆ ಮೊಣಕಾಲಿನವರೆಗೆ ಒದ್ದೆ. ಆಮೇಲೆ ಸೊಂಟದವರೆಗೆ... ನಮ್ಮ ಕೋಣೆ ಎಲ್ಲೂ ಸೋರುವುದಿಲ್ಲ.

"ಅಲ್ಲಿಂದ ಎದ್ದು ಬಂದುಬಿಡೇ," ಎಂದು ಒಮ್ಮೆ ಗೋಗರೆದೆ. ನನಗೆ ಅಳು ಬಂದಿತ್ತು.

ಅವಳಿಗೆ ನನ್ನ ಮಾತೇ ವಿಚಿತ್ರವಾಗಿ ಕಂಡಿತು. "ಹೆಂಗ್ ಬರ್ಲಿ? ನೀವು ಬಂದೆ ಅಂದಿದೀರಿ. ನೀವು ಉಣ್ಣದೆ ನಾನು ಎಲೆ ಬಿಟ್ಟು ಏಳೋದಾ?"

ಈ ವರ್ಷದ ಮಳೆ ಮೊನ್ನೆ ಹಿಡಿಯಿತು. ಇವತ್ತು ಬೆಳಿಗ್ಗೆ ನಾನು ಎದ್ದಾಗ ಲಲಿತ ಒಲೆಯ ಮುಂದೆ ಕುಳಿತು ತಲೆಗೂದಲು ಒರೆಸಿಕೊಳ್ಳುತ್ತಿದ್ದಳು. ಹೋಗಿ ಬಚ್ಚಲು ನೋಡಿದೆ, ನೆಲ ಒಣಗಿತ್ತು.