ಕೆಳದಿಯ ದಂಡು

ಮೂಡಿಗೆರೆ ಬಸ್ ಸ್ಟ್ಯಾಂಡಿನ ಎದುರು ಪೇಂಟ್ ಅಂಗಡಿ ಇಟ್ಟಿದ್ದ ಚನ್ನವೀರನಿಗೆ ೨೦೦೪ರ ಸುಮಾರಿಗೆ ಭಾನುವಾರ ಬಂತೆಂದರೆ ಗಿರಾಕಿ ಬೇಡ, ಯುದ್ಧ ಬೇಕು. ನಕ್ಷತ್ರಲೋಕದ ಕಾಳಗವನ್ನು ಮೇಜಿನ ಮೇಲೆ ದಾಳ ಉರುಳಿಸಿ ಆಡುವ ಆಟ ಅದು. ಹೆಬ್ಬೆರಳೆತ್ತರದ ಪ್ಲಾಸ್ಟಿಕ್ ಸೈನಿಕರಿಗೆ ಆಡುವವರೇ ಬಣ್ಣ ಬಳಿಯಬೇಕು. ಎದುರಾಳಿಯಾದ ಗೆಳೆಯ, ಕಾಫಿ ತೋಟದ ಪೂರ್ಣೇಶ, ಆಟದ ಜೊತೆ ಬಂದ ಪುಸ್ತಕ ನೋಡಿ ಬಳಿದರೆ ಚನ್ನವೀರ ಕೆಳದಿ ಅರಸರ ದಂಡನ್ನೇ ಆಕಾಶಕ್ಕೆ ಹತ್ತಿಸಿದ್ದ. ಗೋಡೆಗೆ ಮೆತ್ತುವ ಪುಟ್ಟಿಯಲ್ಲೇ ಸೈನಿಕರ ತಲೆಗೆ ರುಮಾಲು ಸುತ್ತುತ್ತಿದ್ದ, ಬೆಳಕು ಉಗುಳುವ ಬಂದೂಕಿನ ಜೊತೆಗೆ ಸೊಂಟಕ್ಕೊಂದು ಕತ್ತಿ ಸಿಗಿಸುತ್ತಿದ್ದ, ಹಣೆಗೆ ವಿಭೂತಿ ಎಳೆಯುವಾಗಲಂತೂ ಉಸಿರನ್ನೇ ಬಿಗಿಹಿಡಿಯುತ್ತಿದ್ದ. ಆ ಹೊತ್ತಿನಲ್ಲಿ ಯಾರಾದರೂ ಡಿಸ್ಟೆಂಪರ್ ಕೇಳಿದರೆ, "ನಾಳೆ ಬನ್ನಿ, ದಂಡು ಹೊರಟಿದೆ" ಎನ್ನುವನು. "ಅಲ್ಲಿ ಗಾಳಿನೇ ಇಲ್ಲ, ರುಮಾಲು ಯಾಕೆ ಮಾರಾಯ?" ಎಂದು ಪೂರ್ಣೇಶ ನಕ್ಕರೆ, "ಗಾಳಿ ಇಲ್ದಿದ್ರೆ ಮಾನನೂ ಬೇಡ್ವಾ?" ಎನ್ನುವನು. ಒಂದು ಭಾನುವಾರ ಹೊಸ ತುಕಡಿಯೊಂದು ಮೇಜಿಗೆ ಬಂತು. ಹೆಗಲ ಮೇಲೆ ಡೋಲಿ ಹೊತ್ತ ಜೋಡಿಗಳು. ಯಾರ ಕೈಯಲ್ಲೂ ಆಯುಧವಿಲ್ಲ. "ಇವ್ರು ಒಬ್ಬನನ್ನೂ ಹೊಡೆಯಲ್ಲ. ಇವ್ರನ್ನ ಕಟ್ಕೊಂಡು ನೀನು ಸೋಲ್ತೀಯ" ಎಂದ ಪೂರ್ಣೇಶ. "ಸೋತ್ರೆ ಸೋಲ್ತೀನಿ. ಬಿದ್ದೋರನ್ನ ಮನೆಗೆ ತರೋಕೆ ಯಾರಾದ್ರೂ ಬೇಕಲ್ಲ" ಎಂದ ಚನ್ನವೀರ, ತಲೆಯೆತ್ತದೆ. ಅವನ ತಮ್ಮ ಸೈನ್ಯದಲ್ಲಿದ್ದವನು. ಗಡಿಯಲ್ಲಿ ಹಿಮ ಕುಸಿದು ಸತ್ತವನ ದೇಹ ಊರಿಗೆ ಬರಲೇ ಇಲ್ಲ. ಪೂರ್ಣೇಶನಿಗೆ ಅದು ಗೊತ್ತಿತ್ತು; ದಾಳ ಎತ್ತಿಕೊಂಡ. ಆವತ್ತು ಚನ್ನವೀರ ಸೋತ. ಆಟ ಮುಗಿದ ಮೇಲೆ ಅವನು ಬಿದ್ದ ಸೈನಿಕರನ್ನು ಒಬ್ಬೊಬ್ಬರಾಗಿ ಡೋಲಿಯಲ್ಲಿ ಮಲಗಿಸಿ ತನ್ನ ಕಡೆಗೆ ತರತೊಡಗಿದಾಗ, ಗೆದ್ದ ಪೂರ್ಣೇಶ ಕೊನೆಯವನು ಬರುವವರೆಗೂ ಎದ್ದು ನಿಂತೇ ಇದ್ದ.