ಒಂದು ಮುಷ್ಟಿ ಬುಡ

ಹುಲ್ಲಿನ ಸಂಶೋಧನಾ ಕೇಂದ್ರದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಮುಷ್ಟಿ ಎಂದು. ಕುಯ್ಯುವಾಗ ನೆಲದ ಮೇಲೆ ಮುಷ್ಟಿ ಇಟ್ಟು, ಅದರ ಮೇಲಕ್ಕೆ ಕುಡುಗೋಲು ಹಾಕುವುದು ಅವನ ಪದ್ಧತಿ. ಅಷ್ಟು ಬುಡ ಬಿಟ್ಟರೆ ಹುಲ್ಲು ಮತ್ತೆ ಚಿಗುರುತ್ತದೆ. ನೆಲಮಟ್ಟಕ್ಕೆ ಬೋಳಿಸಿದರೆ ಬೇರು ಸೊರಗುತ್ತದೆ. ಕೇಂದ್ರದ ಸಾಹೇಬರು ಒಮ್ಮೆ ಅಳತೆಕೋಲು ತಂದು ನೋಡಿ, "ತೂಕದ ಬಟ್ಟಿಗೆ ಹೊಡೆಸೋ ಹಾಗೆ ಈ ಕೈಗೂ ಸೀಲ್ ಹೊಡೆಸ್ಬೇಕು ಕಣಯ್ಯ" ಎಂದು ನಕ್ಕಿದ್ದರು.

ಇಪ್ಪತ್ತೆರಡು ವರ್ಷದಲ್ಲಿ ಆ ಕೈ ತಪ್ಪಿದ್ದು ಒಂದೇ ಸಲ. ದನ ಸಾಕುವವರನ್ನೆಲ್ಲ ಕರೆಸಿ ಹುಲ್ಲಿನ ಎರಡು ಮಡಿ ಕುಯ್ದು ತೂಗಿ ತೋರಿಸುವ ದಿನ: ಒಂದಕ್ಕೆ ಯೂರಿಯಾ ಹಾಕಿತ್ತು, ಇನ್ನೊಂದಕ್ಕೆ ಏನೂ ಇಲ್ಲ. ಮುಂದಿನ ಸಾಲಿನಲ್ಲೇ ಹನ್ನೊಂದು ಹಸುಗಳ ಒಡತಿ, ಅವನ ಅಕ್ಕ. ತಮ್ಮನ ಕೆಲಸ ಅವಳು ನೋಡುತ್ತಿದ್ದುದು ಅದೇ ಮೊದಲು. ಅವನಿಗೆ ಜಂಬ ತಲೆಗೇರಿತು. ಗೊಬ್ಬರವಿಲ್ಲದ ಮಡಿಯನ್ನು ನಿಯಮದಂತೆ ಮುಷ್ಟಿ ಇಟ್ಟು ಕುಯ್ದ. ಗೊಬ್ಬರದ ಮಡಿಯನ್ನು ನುಣ್ಣಗೆ ಬೋಳಿಸಿದ. ತಕ್ಕಡಿಯ ಮುಳ್ಳು ಸರ್ರನೆ ಏರಿತು. ಸಾಹೇಬರ ಕಣ್ಣು ಮುಳ್ಳಿನ ಮೇಲಿತ್ತು, ನೆಲದ ಮೇಲಿರಲಿಲ್ಲ. ಅಕ್ಕನ ಚಪ್ಪಾಳೆ ಎಲ್ಲರಿಗಿಂತ ಜೋರಾಗಿತ್ತು.

ಅಕ್ಕ ಮನೆಗೆ ಹೋದವಳೇ ತನ್ನ ಹುಲ್ಲುಗಾವಲಿಗೆ ಗೊಬ್ಬರ ಹಾಕಿದಳು, ತಮ್ಮ ಬೋಳಿಸಿದ ಹಾಗೆಯೇ ಬೋಳಿಸಿದಳು. ಮೊದಲ ಕುಯ್ಲಿಗೆ ಹುಲ್ಲು ಇಡಲು ಜಾಗ ಸಾಲಲಿಲ್ಲ. ಫೋನ್ ಮಾಡಿ ಬಾಯ್ತುಂಬ ಹೊಗಳಿದಳು. ಆಗಲೇ ಹೇಳಿಬಿಡಬಹುದಿತ್ತು, ಪಾಪಿಗೆ ನಾಲಿಗೆ ಏಳಲಿಲ್ಲ. ಮುಂದಿನ ಕುಯ್ಲು ಅರ್ಧಕ್ಕಿಳಿಯಿತು. ಎರಡು ವರ್ಷದಲ್ಲಿ ಹುಲ್ಲುಗಾವಲಿನ ತುಂಬ ಕಳೆ. ಮೇವು ಸಾಲದೆ ಮಾರಿ ಮಾರಿ ಹಸುಗಳು ನಾಲ್ಕೇ ಉಳಿದವು. ಒಂದೊಂದು ಹಸು ಹೋದ ಸುದ್ದಿ ಬಂದಾಗಲೂ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದ. ಅಕ್ಕನ ಮನೆಗೆ ಹೋಗದಿರಲು ಮಾತ್ರ ದಿನಕ್ಕೊಂದು ನೆಪ ಸಿಗುತ್ತಿತ್ತು.

ಕೊನೆಗೊಂದು ಬೆಳಿಗ್ಗೆ, ಹೇಳಿಯೇಬಿಡಬೇಕೆಂದು ಹೋದ. ಅಕ್ಕನ ಹುಲ್ಲುಗಾವಲಿನಲ್ಲಿ, ಕುಡುಗೋಲು ಸರಿಯಾಗಿ ಆಡದೆ ಬುಡ ಉಳಿದಿದ್ದ ಬೇಲಿಯ ಬದಿಯಲ್ಲಷ್ಟೇ ಹುಲ್ಲು ಹಸಿರಾಗಿತ್ತು.

"ಗೊಬ್ಬರ ಜಾಸ್ತಿ ಆಯ್ತೋ, ನನ್ ಕೈಯೇ ಸರಿ ಇಲ್ವೋ, ಗೊತ್ತಾಗ್ತಿಲ್ಲ ಕಣೋ," ಎಂದಳು ಅಕ್ಕ. "ಎರಡು ವರ್ಷದಿಂದ ಅದೇ ಕೊರಗು. ಒಂದ್ಸಲ ಕುಯ್ದು ತೋರ್ಸು, ಎಲ್ಲಿ ತಪ್ಪಿದೀನಿ ನೋಡ್ತೀನಿ."

ಅವನು ಕುಡುಗೋಲು ತೆಗೆದುಕೊಂಡ. ಮಂಡಿಯೂರಿ, ನೆಲಕ್ಕೆ ಮುಷ್ಟಿ ಇಟ್ಟು, ಅದರ ಮೇಲಕ್ಕೆ ಕುಯ್ದ. ಅಕ್ಕ ಬಗ್ಗಿ ಉಳಿದ ಬುಡವನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಆವತ್ತು ಗೊಬ್ಬರದ್ ಮಡೀಲಿ ನೀನು ಕೈ ಇಡ್ಲೇ ಇಲ್ಲ."

"ಇಲ್ಲಕ್ಕ. ಬೇಕಂತ್ಲೇ ಬೋಳಿಸ್ದೆ. ತೂಕ ಜಾಸ್ತಿ ತೋರ್ಲಿ ಅಂತ. ನೀನು ನೋಡ್ತಿದ್ದೆ, ಅದಕ್ಕೆ."

ಅವಳು ಅವನ ಕೈಯಿಂದ ಕುಡುಗೋಲು ಕಸಿದುಕೊಂಡು ಪಕ್ಕದಲ್ಲೇ ಕುಳಿತಳು.

"ಇಡು ಕೈ. ಅಲ್ಲಾಡಿಸ್ಬೇಡ."

ಅವನು ಮುಷ್ಟಿ ಇಟ್ಟ. ಅಲಗು ಅವನ ಬೆರಳ ಗೆಣ್ಣು ಸವರಿಕೊಂಡು ಹೋಯಿತು. ಬೇಲಿಯ ಕೊನೆ ಮುಟ್ಟುವವರೆಗೂ ಅವಳು ಹಾಗೇ ಕುಯ್ದಳು, ಅವನು ಮುಷ್ಟಿಯನ್ನು ಮುಂದಕ್ಕೆ ಸರಿಸಿದನೇ ಹೊರತು ಕೈ ತೆಗೆಯಲಿಲ್ಲ.