ಗಟ್ಟಿಮೇಳದಲ್ಲಿ ನಿಂತ ಉಸಿರು

ಹಿತ್ತಾಳೆ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಲವಂಗದ ವಾಸನೆ ಬಂತು. ಒಳಗೆ ನಾಗಸ್ವರದ ಬಾಯಿಗೆ ಸಿಕ್ಕಿಸುವ ಪೀಪಿಗಳಿದ್ದವು. ಊದುವ ಮುಂಚೆ, ನನಗೆ ನಾಗಸ್ವರ ಕಲಿಸಿದ ಮೇಷ್ಟ್ರು ಗೋಡೆಯ ಕಡೆ ತಿರುಗಿ ಒಂದು ಲವಂಗ ಬಾಯಿಗೆ ಹಾಕಿಕೊಳ್ಳುತ್ತಿದ್ದರು... ಅವರು ತೀರಿಹೋಗಿ ತಿಂಗಳಾಯಿತು. ಮನೆಯಲ್ಲಿ ಊದುವವರು ಯಾರೂ ಇಲ್ಲವೆಂದು ಅವರ ಸೊಸೆ ಡಬ್ಬಿಯನ್ನು ನನಗೆ ತಂದುಕೊಟ್ಟಳು.

ದೊಡ್ಡಬಳ್ಳಾಪುರದ ಸುತ್ತಿನ ಛತ್ರಗಳಲ್ಲಿ ಅವರ ಪಕ್ಕ ಕೂತು ಒಂಬತ್ತು ವರ್ಷ ಊದಿದೆ. ರಾಗಕ್ಕೆ ನಾನು ಹೆದರಿದವನಲ್ಲ. ಆದರೆ ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರು ಕೈಯೆತ್ತಿ 'ಗಟ್ಟಿಮೇಳ' ಅಂದರೆ ತುಟಿ ಒಣಗಿ ಬೆರಳು ನಡುಗುತ್ತಿತ್ತು. ಆ ಗಳಿಗೆಯಲ್ಲಿ ಸೀನು, ಕೆಟ್ಟ ಮಾತು ಯಾರ ಕಿವಿಗೂ ಬೀಳಬಾರದೆಂದೇ ನಾವು ಊದುವುದು. ನಮ್ಮ ಉಸಿರೇ ನಿಂತರೆ? ಇದನ್ನು ಮೇಷ್ಟ್ರ ಹತ್ತಿರ ಮಾತ್ರ ಹೇಳಿಕೊಂಡೆ.

"ವಿದ್ಯೆ ಕಲ್ತೋನಿಗೆ ಎಂಥಾ ಭಯ ಕಣೋ? ನನ್ನ ನೋಡು," ಎಂದು ನಕ್ಕರು. ನಾಚಿಕೆಯಿಂದ ನೆಲ ನೋಡಿದೆ.

ಮರುವರ್ಷ ಸೀರೆ ಸಾಹುಕಾರರೊಬ್ಬರ ಮಗಳ ಮದುವೆ. ಗಟ್ಟಿಮೇಳದ ನಡುವೆ ನಾಗಸ್ವರ ಕಿರುಚಿ ನಿಂತುಹೋಯಿತು. ಇಬ್ಬರದೂ ನಿಂತಿತ್ತು, ಮೊದಲು ನಿಂತದ್ದು ಯಾರದೋ ಆ ಗಾಬರಿಯಲ್ಲಿ ನನಗೇ ತಿಳಿಯಲಿಲ್ಲ. ಮೇಷ್ಟ್ರು ತಿರುಗಿ ನನ್ನ ಮುಖ ನೋಡಿದರು. ಇಡೀ ಛತ್ರ ನನ್ನನ್ನೇ ನೋಡಿತು.

"ಇವ್ನಿಗೆ ಮೊದ್ಲಿಂದ್ಲೂ ಪುಕ್ಕಲು ಸ್ವಾಮಿ. ಅವನೇ ನನ್ನತ್ರ ಹೇಳ್ಕೊಂಡಿದ್ದ," ಎಂದು ಹೆಣ್ಣಿನ ತಂದೆಗೆ ಕೈಮುಗಿದರು.

ಆಮೇಲೆ ನನ್ನನ್ನು ಯಾರೂ ಮದುವೆಗೆ ಕರೆಯಲಿಲ್ಲ. ಮಗ್ಗದ ಕೆಲಸಕ್ಕೆ ಸೇರಿದೆ. ಒಂದು ಮಂಗಳಕಾರ್ಯ ಕೆಡಿಸಿದ ಪಾಪಿ ನಾನೇ ಎಂದು ಇಷ್ಟು ವರ್ಷ ನಂಬಿದ್ದೆ...

ಡಬ್ಬಿಯಲ್ಲಿ ಪೀಪಿಗಳ ಕೆಳಗೆ ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿಯಿತ್ತು. ಎದುರಿಗೇ ಕೂತಿದ್ದ ಸೊಸೆ ತಲೆ ತಗ್ಗಿಸಿದಳು.

"ಎದೆ ಹೊಡ್ಕೋಬಾರ್ದು, ಕೈ ನಡುಗ್ಬಾರ್ದು ಅಂತ ಲವಂಗದ ಜೊತೆ ನುಂಗ್ತಿದ್ರು ಅಣ್ಣಾ. ಆ ಸಾಹುಕಾರ್ರ ಮನೆ ಮದ್ವೆ ದಿನ ಮರ್ತ್ಬಿಟ್ಟಿದ್ರಂತೆ. ಮೊದ್ಲು ಉಸಿರು ನಿಂತಿದ್ದು ನಂದೇ ಅಂತ ಕೊನೇಲಿ ಹೇಳಿದ್ರು."

ನಂಬಿಸಿ ಕತ್ತು ಕೊಯ್ಯುವುದು ಅಂದರೆ ಇದೇ. ಬೈಯೋಣವೆಂದರೆ ಮನುಷ್ಯನೇ ಇಲ್ಲ. ಅಳು ಬೇರೆ ಬರುತ್ತದೆ, ಅದಕ್ಕೂ ಸಿಟ್ಟು.

ಅವಳು ಹೋದ ಮೇಲೆ ಒಂದು ಪೀಪಿಯನ್ನು ತುಟಿಗಿಟ್ಟುಕೊಂಡೆ. ಕೇಳುವವರು ಯಾರೂ ಇಲ್ಲದಿದ್ದರೂ ಬೆರಳು ನಡುಗಿತು. ಅಂದು ಅವರು 'ನನಗೂ ಭಯ ಕಣೋ' ಎಂದಿದ್ದರೆ ಸಾಕಿತ್ತು. ಒಂದೇ ಮಾತ್ರೆ ಮುರಿದು ಇಬ್ಬರೂ ನುಂಗುತ್ತಿದ್ದೆವು.